ಎರಡನೇ ಕಣ್ಣು

ರಂಜಾನ್ ೩, ಶನಿವಾರ

ಸೇತುವೆ ಇವತ್ತೂ ಮೇಲೆದ್ದು ಕೂತಿತ್ತು. ಯಾವುದೋ ಹಡಗು ನಿಧಾನವಾಗಿ ಒಳಗೆ ಬರುವವರೆಗೆ ಬಸ್ಸಿನಲ್ಲಿ ಬೆಂದು, ಡ್ಯೂಟಿಗೆ ತಡವಾಗಿ ಓಡಿದೆ. ನನ್ನ ಜೊತೆಯ ನರ್ಸ್ ಬೇಯಾ ಗೋಡೆಯ ಗಡಿಯಾರ ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಆಮೇಲೆ ತನ್ನ ಕೆಲಸ ನೋಡಿದಳು. ಬೈದರೆ ಬೈಸಿಕೊಳ್ಳಬಹುದು. ಹೀಗೆ ನೋಡಿಸಿಕೊಳ್ಳುವುದಿದೆಯಲ್ಲ, ಅದು ನನ್ನಿಂದಾಗದು.

ಕಾಫಿ ಬಿಟ್ಟ ತಲೆನೋವು ಇನ್ನೂ ಹೋಗಿಲ್ಲ. ಕಾಲಿನ ನರಗಳು ಸಂಜೆಯ ಹೊತ್ತಿಗೆ ಹಗ್ಗದ ಹಾಗೆ ಎದ್ದು ನಿಲ್ಲುತ್ತವೆ. ಬಿಝೆರ್ತ್ ಊರಿಗೆಲ್ಲ ರಂಜಾನ್ ಎಂದರೆ ಸಂಜೆಯ ಊಟ, ನಮಗೆ ಸಂಜೆಯ ಓಟ. ಬಾಂಗು ಕೂಗುವ ಮುಂಚಿನ ಕಾಲು ಗಂಟೆ ವಾರ್ಡು ಸಂತೆಯಾಗಿಬಿಡುತ್ತದೆ. ಊಟದ ಟ್ರಾಲಿ ಬರುವ ಮುಂಚೆ ಸಕ್ಕರೆ ಕಾಯಿಲೆಯವರಿಗೆಲ್ಲ ಇನ್ಸುಲಿನ್ ಆಗಬೇಕು. ಅತ್ತ ನಮ್ಮ ಅಡುಗೆಕೋಣೆಯಲ್ಲಿ ಶೋರ್ಬಾ ಸೂಪು ಕುದಿಯುತ್ತಿರುತ್ತದೆ, ಇತ್ತ ಹಸಿವೂ ಕುದಿಯುತ್ತಿರುತ್ತದೆ. ಇದರ ಮಧ್ಯೆ ಎರಡನೇ ಕಣ್ಣಿನ ಗೋಳು. ಅಪಾಯದ ಔಷಧಿಯನ್ನು ಒಬ್ಬಳು ಸಿರಿಂಜಿಗೆ ಎಳೆದರೆ ಇನ್ನೊಬ್ಬಳು ಬಂದು ಶೀಶೆ, ಅಳತೆ, ರೋಗಿಯ ಹೆಸರು ಮೂರನ್ನೂ ನೋಡಿ ಸಹಿ ಹಾಕಬೇಕು. ಯಾರನ್ನು ಕರೆಯುವುದು ಎಂಬುದು ಎಳೆದವಳ ಇಷ್ಟ.

ಇಡೀ ವಾರ್ಡಿನ ಇಷ್ಟ ನಾನೇ. "ಸಲ್ವಾ, ಕಣ್ಣು!" ಎಂದು ಆ ಕಡೆಯಿಂದ ಒಂದು ಕೂಗು, ಈ ಕಡೆಯಿಂದ ಒಂದು. ಇವತ್ತು ನಾನು ಶೋರ್ಬಾ ಕದಡುತ್ತಿದ್ದೆ, ಹಯಾತ್ ಬಾಗಿಲಲ್ಲೇ ನಿಂತು ಕಾಗದ ಚಾಚಿದಳು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಸಹಿ. "ಈ ಕೈಗೆ ಮುತ್ತು ಕೊಡಬೇಕು ಕಣೇ" ಅಂದಳು. ಸುಸ್ತಾಗುತ್ತದೆ, ನಿಜ. ಆದರೆ ಇಷ್ಟು ಜನ ನಂಬಿ ಕರೆಯುವಾಗ ಒಲ್ಲೆ ಎನ್ನಲಾಗುತ್ತದೆಯೇ? ಬೇಯಾ ಒಬ್ಬಳು ಮಾತ್ರ ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ನನ್ನನ್ನು ಕರೆದಿಲ್ಲ. ನಾನು ಕಣ್ಣೆದುರಿಗೇ ನಿಂತಿದ್ದರೂ ಮೆಟ್ಟಿಲಿಳಿದು ಶಸ್ತ್ರಚಿಕಿತ್ಸೆ ವಾರ್ಡಿಗೆ ಹೋಗಿ ಅಲ್ಲಿಂದ ಯಾರನ್ನಾದರೂ ಕರೆತರುತ್ತಾಳೆ. ಹೊಟ್ಟೆಕಿಚ್ಚು, ಇನ್ನೇನು.

ಮದಾಮ್ ಝಕಿಯಾ ಊಟದ ಮೇಜಿನಲ್ಲಿ ಹೇಳಿದರು: "ಹಬ್ಬದ ಮೇಲೆ ನನ್ನ ಕುರ್ಚಿ ಖಾಲಿ. ನನಗೆ ನಿವೃತ್ತಿ, ಹಮ್ದುಲ್ಲಾ. ನಿಮ್ಮನ್ನ ಒಬ್ಬೊಬ್ಬರನ್ನೇ ಕರೆದು ಕೇಳ್ತೀನಿ, ಮುಂದಿನ ಹೆಡ್ ನರ್ಸ್ ಯಾರಾಗ್ಲಿ ಅಂತ. ಯೋಚನೆ ಮಾಡಿಟ್ಕೊಳ್ಳಿ."

ಆ ಕುರ್ಚಿ ನನಗೆ ಬೇಕು. ಅಧಿಕಾರಕ್ಕಲ್ಲ, ಕಾಲಿಗೆ. ಇಪ್ಪತ್ತು ವರ್ಷ ನಿಂತದ್ದು ಸಾಕು, ಇನ್ನು ಕೂತುಕೊಳ್ಳಬೇಕು.

ರಂಜಾನ್ ೬, ಮಂಗಳವಾರ

ಒಂಬತ್ತನೇ ಹಾಸಿಗೆಯ ಹೆಂಗಸು ಊಟ ಬಡಿಸುವ ಮುಂಚೆಯೇ ಬೆವರಿ, ನಡುಗಿ, ಮಾತು ತೊದಲಿ ಎಲ್ಲರ ಜೀವ ಬಾಯಿಗೆ ತಂದಳು. ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಬೇಯಾ ಓಡಿಬಂದು ಡ್ರಿಪ್ ಹಾಕಿದಳು, ಹಣ್ಣಿನ ರಸ ಕುಡಿಸಿದಳು. ಅರ್ಧ ಗಂಟೆಯಲ್ಲಿ ಹೆಂಗಸು ಎದ್ದು ಕೂತು ಕರಿದ ಬ್ರಿಕ್ ಎಲ್ಲಿ, ಒಳಗೆ ಮೊಟ್ಟೆ ಹಾಕಿದ್ದೇ ಬೇಕು ಎಂದು ಕೇಳಿದಳು.

ಮಧ್ಯಾಹ್ನದ ಊಟ ಸರಿಯಾಗಿ ಮಾಡಿರಲಿಲ್ಲವಂತೆ, ಅದಕ್ಕೇ ಇರಬೇಕು. ಮಕ್ಕಳು ಉಪವಾಸ ಇರುವಾಗ ತಾನೊಬ್ಬಳು ಹೇಗೆ ತಿನ್ನಲಿ ಎಂದು ಮುಚ್ಚಿಟ್ಟಳಂತೆ. ಈ ತಿಂಗಳಲ್ಲಿ ಹೀಗೆ ಆಗುವುದೇ.

ಬೇಯಾ ಮಾತ್ರ ಕಾಗದ ತೆಗೆದು ನೋಡಿದಳು. "ಎಳೆದಿದ್ದು ಹಯಾತ್. ಸಹಿ ನಿನ್ನದಾ?"

"ನನ್ನದೇ. ಕಾಣಲ್ವಾ?"

"ಸಹಿ ಕಾಣ್ತಿದೆ" ಅಂದಳು.

ಕಾಗದ ವಾಪಸು ಇಟ್ಟಳು. ಹೊರಟೇ ಹೋದಳು. ಇದಕ್ಕೆ ನಾನೇನು ಅರ್ಥ ಮಾಡಿಕೊಳ್ಳಬೇಕೋ! ಮನೆಗೆ ಬಂದರೂ ತಲೆಯಲ್ಲಿ ಅದೇ ಮಾತು ತಿರುಗುತ್ತಿದೆ.

ರಂಜಾನ್ ೯, ಶುಕ್ರವಾರ

ಮದಾಮ್ ಒಬ್ಬೊಬ್ಬರನ್ನೇ ಕರೆಯಲು ಶುರು ಮಾಡಿದ್ದಾರೆ. ಒಳಗೆ ಹೋದವರು ಹೊರಗೆ ಬಂದು ನನ್ನ ಕಡೆ ನೋಡಿ ನಗುತ್ತಾರೆ. ಹಯಾತ್ ಅಂತೂ ಹೊರಗೆ ಬಂದವಳೇ ನನ್ನ ಕೆನ್ನೆ ಹಿಂಡಿದಳು. ಇನ್ನು ಕೇಳುವುದೇನಿದೆ.

ಸಂಜೆ ನೌಫಲ್ ಹತ್ತಿರ ಹೇಳಿದೆ, ಬೇಯಾ ಒಬ್ಬಳನ್ನು ಬಿಟ್ಟರೆ ಉಳಿದವರೆಲ್ಲ ನನ್ನ ಹೆಸರನ್ನೇ ಹೇಳುತ್ತಾರೆ ಎಂದು. ಗಂಡನೆನಿಸಿಕೊಂಡವನು ಒಂದು ಒಳ್ಳೆಯ ಮಾತಾಡಬಾರದೇ? ಖರ್ಜೂರದ ಬೀಜ ಉಗಿದು ಕೇಳಿದ: "ಅದು ಹೇಗೆ ಗೊತ್ತು?"

"ದಿನಾ ನನ್ನೇ ಕರೀತಾರಲ್ಲ. ನಂಬಿಕೆ ಇಲ್ಲದೆ ಕರೀತಾರಾ?"

"ನನ್ನ ಅಂಗಡಿಗೆ ಕ್ಷೌರಕ್ಕೆ ಬರೋರಲ್ಲಿ ಅರ್ಧ ಜನ ಎದುರಂಗಡೀಲಿ ಸಾಲು ಉದ್ದ ಇದೆ ಅಂತ ಬರೋರು. ನನಗೇನು ಗೊತ್ತಿಲ್ವಾ ಅದು?"

"ನಿನ್ನ ಕತ್ತರಿಗೂ ನನ್ನ ಕೆಲಸಕ್ಕೂ ಏನು ಸಂಬಂಧ?"

"ಸಂಬಂಧ ಇಲ್ಲ ಬಿಡು ಮಾರಾಯ್ತಿ. ಧಾರಾವಾಹಿ ಶುರುವಾಯ್ತು, ಸ್ವಲ್ಪ ಸುಮ್ನಿರು."

ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಜಗಳಕ್ಕೂ ಶಕ್ತಿ ಬೇಕು.

ರಂಜಾನ್ ೧೦, ಶನಿವಾರ

ನನ್ನ ಸರದಿ ಬಂತು. ನನ್ನ ಹೆಸರನ್ನು ನಾನೇ ಹೇಳಿಕೊಳ್ಳುವುದು ಚೆಂದವಲ್ಲ, ಅದಕ್ಕೆ ಹಯಾತ್ ಎಂದೆ.

"ಯಾಕೆ ಹಯಾತ್?" ಎಂದರು ಮದಾಮ್.

"ಅವಳಿಗೆ ನನ್ನ ಮೇಲೆ ತುಂಬಾ ನಂಬಿಕೆ ಮದಾಮ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಕೇಳಿದ್ದು ಅದಲ್ಲವಲ್ಲ ಮಗಳೇ. ನಿನಗೆ ಅವಳ ಮೇಲೆ ನಂಬಿಕೆ ಇದೆಯಾ ಅಂತ."

ಅವಳಿಗೆ ನನ್ನ ಮೇಲೆ ಇದ್ದರೆ ನನಗೆ ಅವಳ ಮೇಲೆ ಇದ್ದ ಹಾಗೇ ಅಲ್ಲವೇ? ಹಾಗೆಂದೇ ಹೇಳಿದೆ. ಅವರು ಬರೆದುಕೊಂಡು, ಹೋಗು ಎಂದು ಕೈ ಸನ್ನೆ ಮಾಡಿದರು. ಇವರಿಗೂ ವಯಸ್ಸಾಯಿತು ಪಾಪ, ಒಂದಕ್ಕೊಂದು ಗೋಜಲು ಮಾಡಿಕೊಳ್ಳುತ್ತಾರೆ.

ರಂಜಾನ್ ೧೩, ಮಂಗಳವಾರ

ಬೇಯಾ.

ಊಟ ಮುಗಿದು ಚಹಾ ಕುಡಿಯುವಾಗ ಮದಾಮ್ ಎಲ್ಲರ ಮುಂದೆಯೇ ಹೇಳಿದರು: "ಇಬ್ಬರನ್ನ ಬಿಟ್ಟು ಉಳಿದವರೆಲ್ಲ ಬೇಯಾ ಅಂದಿದ್ದೀರಿ. ಆ ಇಬ್ಬರಲ್ಲಿ ಒಬ್ಬಳು ಬೇಯಾನೇ, ಅವಳು ಕೆಳಗಿನ ವಾರ್ಡಿನವಳ ಹೆಸರು ಹೇಳಿದಳು. ಅಲ್ಲಿಗೆ ಮುಗೀತು." ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆ ಇನ್ನೊಬ್ಬಳು ನಾನೇ ತಾನೇ. ಹಾಗಾದರೆ ನನ್ನ ಹೆಸರನ್ನು ಒಬ್ಬಳೂ, ಒಬ್ಬಳೆಂದರೆ ಒಬ್ಬಳೂ ಹೇಳಿಲ್ಲ. ನನ್ನ ತಟ್ಟೆಯಲ್ಲೇ ಕೈ ಹಾಕಿ ತಿನ್ನುವ ಹಯಾತ್ ಕೂಡ.

ಬಟ್ಟೆ ಕೋಣೆಯಲ್ಲಿ ಅವಳು ಹೊದಿಕೆ ಮಡಚುತ್ತಿದ್ದಳು. ಬಾಗಿಲು ಹಾಕಿದೆ.

"ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ಅಯ್ಯೋ ಸಲ್ವಾ, ನೀನಂದ್ರೆ ನನಗೆ ಪ್ರಾಣ ಕಣೇ. ಅದು ಬೇರೆ, ಇದು ಬೇರೆ."

"ಯಾವುದು ಬೇರೆ? ದಿನಕ್ಕೆ ಹತ್ತು ಸಲ ಕಣ್ಣು ಕಣ್ಣು ಅಂತ ಕೂಗ್ತೀಯಲ್ಲ, ನಂಬಿಕೆ ಇಲ್ದೇನಾ ಕೂಗ್ತಿದ್ದಿ?"

ಅವಳು ಮಡಚಿದ ಹೊದಿಕೆಯನ್ನೇ ಮತ್ತೆ ಬಿಚ್ಚಿ ಮಡಚಿದಳು. "ಬೇಜಾರು ಮಾಡ್ಕೋಬೇಡ. ನೀನು ನೋಡಲ್ಲ. ಅದಕ್ಕೇ ಕೂಗ್ತೀವಿ. ಬೇಯಾನ ಕರೆದ್ರೆ ಶೀಶೆ ತಿರುಗಿಸ್ತಾಳೆ, ಬೆಳಕಿಗೆ ಹಿಡೀತಾಳೆ, ಲೆಕ್ಕ ಕೇಳ್ತಾಳೆ, ಅಷ್ಟೊತ್ತಿಗೆ ಬಾಂಗು ಆಗಿ ಸೂಪ್ ಆರಿರುತ್ತೆ. ನಿನ್ನ ಕರೆದ್ರೆ ಆಯ್ತು ಅಂದ್ರೆ ಆಯ್ತು."

"ಎಲ್ಲರೂ ಹಾಗೇನಾ?"

"ಎಲ್ಲರ ವಿಷಯ ನಾನು ಹೇಗೆ ಹೇಳ್ಲಿ?" ಎಂದವಳು ಹೊದಿಕೆಯನ್ನು ಕಪಾಟಿಗೆ ಸೇರಿಸಿ, "ಹೂಂ. ಎಲ್ಲರೂ" ಅಂದಳು.

ನನಗೆ ಅಳು ಬರಲಿಲ್ಲ. ಮೈಯಲ್ಲಿ ನೀರೇ ಇರಲಿಲ್ಲವೇನೋ. ಹಬ್ಬ ಮುಗಿದ ಮೇಲೆ ವರ್ಗಾವಣೆ ಕೇಳುತ್ತೇನೆ. ಹೊರರೋಗಿಗಳ ವಿಭಾಗಕ್ಕೆ, ಚೀಟಿ ಹರಿದು ಕೊಡುವ ಕೆಲಸಕ್ಕೆ, ಎಲ್ಲಿಗಾದರೂ ಸರಿ.

ರಂಜಾನ್ ೧೪, ಬುಧವಾರ

ಒಂಬತ್ತನೇ ಹಾಸಿಗೆಯ ಹೆಂಗಸು ನಿನ್ನೆಯೇ ಮನೆಗೆ ಹೋಗಿದ್ದಾಳೆ. ಅವಳ ಸಕ್ಕರೆ ಇಳಿದ ದಿನ ಹಯಾತ್ ಕಾಗದ ಚಾಚಿದಾಗ ಅವಳ ಇನ್ನೊಂದು ಕೈಯಲ್ಲಿ ಸಿರಿಂಜ್ ಇತ್ತು. ಅದರಲ್ಲಿ ಎಷ್ಟಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಾಗುತ್ತಿಲ್ಲ. ನೋಡಿದ್ದರೆ ತಾನೇ ನೆನಪಾಗುವುದು.

ರಂಜಾನ್ ೧೫, ಗುರುವಾರ

ನೋಡುವುದಿಲ್ಲವಂತೆ ನಾನು. ಸರಿ, ನೋಡುತ್ತೇನೆ! ಕಣ್ಣು ಕಿತ್ತು ಬರುವ ಹಾಗೆ ನೋಡುತ್ತೇನೆ. ತಗೊಳ್ಳಿ.

ಸಂಜೆ ಮೊದಲ ಕೂಗು ಹಯಾತ್‌ಳದೇ, ಏನೂ ಆಗದವಳ ಹಾಗೆ. ಸೌಟು ಕೆಳಗಿಟ್ಟೆ. ಕೈ ತೊಳೆದೆ. ಕನ್ನಡಕ ಹುಡುಕಿದೆ. ಶೀಶೆ ಈಸಿಕೊಂಡು ಮೇಲಿನ ಅಕ್ಷರ ಒಂದೊಂದನ್ನೂ ಜೋರಾಗಿ ಓದಿದೆ, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ. ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದು ಗೆರೆ ಎಣಿಸಿದೆ. ಆಮೇಲೆ ರೋಗಿಯ ಹತ್ತಿರ ಹೋಗಿ ಹೆಸರು ಕೇಳಿದೆ, ಅಪ್ಪನ ಹೆಸರು ಕೇಳಿದೆ. ಆತ ಗಾಬರಿಯಾಗಿ, "ಯಾಕಮ್ಮ, ಪೊಲೀಸ್ ಬಂದಿದ್ದಾರಾ?" ಅಂದ.

"ಹಸಿವಿಂದ ಸತ್ತೇ ಹೋಗ್ತೀನಿ ಕಣೇ" ಎಂದು ಹಯಾತ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿದಳು.

"ಸಾಯಿ. ಸಹಿ ಹಾಕೋಕೆ ಮುಂಚೆ ನಿನ್ನ ಹೆಸರೂ ಕೇಳ್ತೀನಿ."

ಬಾಂಗು ಆಗಿ ಎಲ್ಲರೂ ಕೂತಾಗ ನಾವಿನ್ನೂ ವಾರ್ಡಿನಲ್ಲೇ ಇದ್ದೆವು. ಖರ್ಜೂರ ಬಾಯಿಗೆ ಹಾಕಿಕೊಂಡು ನಿಂತೇ ಉಪವಾಸ ಬಿಟ್ಟೆ. ಮೊದಲ ಸಲ ಮನಸ್ಸಿಗೆ ಸ್ವಲ್ಪ ಹಾಯೆನಿಸಿತು. ಅವರಿಗೆ ಬೇಕಾದದ್ದು ಇದೇ ಅಲ್ಲವೇ, ತಿನ್ನಲಿ.

ರಂಜಾನ್ ೧೮, ಭಾನುವಾರ

ಹಟ ಬಿಡುವುದಿಲ್ಲ. ಓದುತ್ತೇನೆ, ಬೆಳಕಿಗೆ ಹಿಡಿಯುತ್ತೇನೆ, ಹೆಸರು ಕೇಳುತ್ತೇನೆ. ಇನ್ಸುಲಿನ್‌ನಲ್ಲಿ ಬೇಗ ಕೆಲಸ ಮಾಡುವುದು ನೀರಿನ ಹಾಗೆ ತಿಳಿ, ನಿಧಾನದ್ದು ಹಾಲು ಬೆರೆಸಿದ ಹಾಗೆ ಮಸುಕು. ಇಪ್ಪತ್ತು ವರ್ಷಗಳಿಂದ ಗೊತ್ತಿರುವ ವಿಷಯ. ಆದರೂ ಬೆಳಕಿಗೆ ಹಿಡಿದು ನೋಡಿ ಎಷ್ಟು ಕಾಲವಾಗಿತ್ತೋ. ನಿಧಾನದ್ದನ್ನು ಅಂಗೈಯಲ್ಲಿ ಮೆಲ್ಲಗೆ ಉರುಳಿಸದಿದ್ದರೆ ತಳದಲ್ಲೇ ಕೂತಿರುತ್ತದೆ, ಯಾರೂ ಉರುಳಿಸುತ್ತಿಲ್ಲ ಈಗ. ಎಲ್ಲರಿಗೂ ಹೇಳಿದೆ. ಮೂಗು ಮುರಿದರು.

ಕೂಗು ಕಡಿಮೆಯಾಗಿದೆ. ಇವತ್ತು ಒಂದೋ ಎರಡೋ.

ರಂಜಾನ್ ೨೦, ಮಂಗಳವಾರ

ಯಾರೂ ಕರೆಯಲಿಲ್ಲ. ಒಬ್ಬಳೇ ಕೂತು ಶೋರ್ಬಾ ಬಿಸಿಯಾಗಿಯೇ ಕುಡಿದೆ. ರುಚಿಯೇ ತಿಳಿಯಲಿಲ್ಲ.

ಇದ್ದ ಒಂದು ಒಳ್ಳೆಯ ಹೆಸರನ್ನೂ ನಾನೇ ಕೈಯಾರೆ ಹಾಳು ಮಾಡಿಕೊಂಡೆ. ಸುಳ್ಳು ನಂಬಿಕೆಯಾದರೂ ಇರಲಿ, ಯಾರಾದರೂ ಕರೆಯುತ್ತಿದ್ದರಲ್ಲ. ಈಗ ಅದೂ ಇಲ್ಲ. ಹಯಾತ್ ನನ್ನ ಪಕ್ಕದಲ್ಲಿ ಕೂರುವುದನ್ನೂ ಬಿಟ್ಟಿದ್ದಾಳೆ. ನೌಫಲ್ ಕೇಳಿದ, ಯಾಕೆ ಹೀಗೆ ಬಾಡಿದ್ದೀಯ ಎಂದು. ಉಪವಾಸ ಎಂದೆ.

ರಂಜಾನ್ ೨೩, ಶುಕ್ರವಾರ

ಇದನ್ನು ಬರೆದಿಡಬೇಕು.

ಬೇಯಾ ನಾಲ್ಕೈದು ದಿನಗಳಿಂದ ಸರಿಯಾಗಿಲ್ಲ. ಮನೆಯಲ್ಲಿ ಅವಳ ಅಪ್ಪನಿಗೆ ಕಾಲು ನೋವಂತೆ, ನಿದ್ದೆಯಿಲ್ಲದೆ ನೋಡಿಕೊಳ್ಳುತ್ತಿದ್ದಾಳಂತೆ. ಅದರ ಮೇಲೆ ಮದಾಮ್ ಕೆಲಸವನ್ನೆಲ್ಲ ಈಗಲೇ ಅವಳ ತಲೆಗೆ ಕಟ್ಟುತ್ತಿದ್ದಾರೆ. ಇವತ್ತು ಸಂಜೆ ಅವಳು ಸಿರಿಂಜ್ ಹಿಡಿದು ಮೆಟ್ಟಿಲ ತನಕ ಹೋದಳು. ಕೆಳಗಿನ ವಾರ್ಡಿನಲ್ಲಿ ಏನೋ ಅಪಘಾತದ ಗಡಿಬಿಡಿ, ಯಾರೂ ಬರುವ ಹಾಗಿರಲಿಲ್ಲ. ನಮ್ಮವರೆಲ್ಲ ಊಟದ ಟ್ರಾಲಿ ಹಿಂದೆ ಹೋಗಿದ್ದರು. ಉಳಿದವಳು ನಾನು. ಅವಳು ನನ್ನ ಮುಂದೆ ನಿಂತು, "ನೋಡ್ತೀಯಾ?" ಅಂದಳು. ಕಣ್ಣು ಎಂದು ಕೂಗಲಿಲ್ಲ. ನೋಡ್ತೀಯಾ, ಅಷ್ಟೆ.

ಬೇರೆ ದಾರಿಯಿಲ್ಲದೆ ಕರೆದಳು ಎಂದು ಗೊತ್ತಿದ್ದರೂ ಎರಡೂ ಕೈ ಚಾಚಿ ಸಿರಿಂಜ್ ಈಸಿಕೊಂಡೆ. ಬೆಳಕಿಗೆ ಹಿಡಿದೆ. ನೀರಿನ ಹಾಗೆ ತಿಳಿಯಾಗಿತ್ತು. ಕಾಗದ ಓದಿದೆ: ನಿಧಾನದ್ದು, ಅದೂ ದೊಡ್ಡ ಅಳತೆ. ಮತ್ತೆ ಬೆಳಕಿಗೆ ಹಿಡಿದೆ. ನನ್ನ ಕಣ್ಣೇ ಮಂಜಾಗಿದೆಯೇನೋ ಎಂದು ಕನ್ನಡಕ ಒರೆಸಿಕೊಂಡು ಮೂರನೇ ಸಲ ನೋಡಿದೆ.

"ಬೇಯಾ, ಇದು ಮಸುಕಾಗಿರಬೇಕಿತ್ತಲ್ವಾ?"

ಅವಳು ಸಿರಿಂಜ್ ನೋಡಿದಳು, ಶೀಶೆ ನೋಡಿದಳು. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದಳು. ಬೇಗದ ಇನ್ಸುಲಿನ್ ಅಷ್ಟನ್ನು ಹಾಗೇ ಚುಚ್ಚಿದ್ದರೆ ಹಾಸಿಗೆಯಲ್ಲಿ ಕಾಯುತ್ತಿದ್ದ ಮುದುಕ ರೋಗಿ ಬೆಳಗನ್ನು ಕಾಣುತ್ತಿರಲಿಲ್ಲ.

ಬಾಯಿಗೆ ಬಂದದ್ದನ್ನೆಲ್ಲ ಹೇಳಬಹುದಿತ್ತು. ಎಷ್ಟು ವರ್ಷ ಕಾದಿದ್ದೆ ಇಂಥ ಒಂದು ದಿನಕ್ಕೆ! ಒಂದೂ ನೆನಪಾಗಲಿಲ್ಲ. "ಕೂತ್ಕೋ, ಅವಸರ ಇಲ್ಲ. ಮತ್ತೆ ಎಳಿ, ಮತ್ತೆ ನೋಡ್ತೀನಿ" ಅಂದೆ. ಅವಳು ಎಳೆದಳು. ನಾನು ನೋಡಿದೆ. ಈ ಸಲ ಸರಿಯಿತ್ತು. ಸಹಿ ಹಾಕಿದೆ.

ನಾನು ಯಾರಿಗೂ ಹೇಳಲಿಲ್ಲ. ಅವಳೇ ಊಟದ ಮೇಜಿನಲ್ಲಿ ಎದ್ದು ನಿಂತು ಹೇಳಿದಳು: "ಇವತ್ತು ನಾನು ತಪ್ಪು ಔಷಧಿ ಎಳೆದೆ. ಸಲ್ವಾ ಹಿಡಿದಳು." ಕೂತಳು. ತಾನು ಎಷ್ಟು ಪ್ರಾಮಾಣಿಕಳು ಎಂದು ತೋರಿಸಿಕೊಳ್ಳಲು ಅದೊಂದು ದಾರಿ, ನನಗೆ ಗೊತ್ತಾಗುವುದಿಲ್ಲವೇ. ಇರಲಿ. ಮುದುಕ ಊಟ ಮಾಡಿದನೇ ಎಂದು ನೋಡಲು ಎರಡು ಸಲ ಎದ್ದು ಹೋದೆ, ಮಾಡಿದ್ದ. ನಿಂಬೆಹಣ್ಣು ಇಲ್ಲದೆ ಶೋರ್ಬಾ ಯಾರು ಕುಡಿಯುತ್ತಾರೆ ಎಂದು ನನಗೇ ಬೈದ.

ರಂಜಾನ್ ೨೫, ಭಾನುವಾರ

ಇವರ ಬುದ್ಧಿ ನೋಡಿ. ಸುಲಭದ್ದಕ್ಕೆಲ್ಲ ಪರಸ್ಪರ ಸಹಿ ಹಾಕಿಕೊಳ್ಳುತ್ತಾರೆ, ಲೆಕ್ಕ ಕಷ್ಟ ಇದ್ದರೆ, ಅಳತೆ ದೊಡ್ಡದಿದ್ದರೆ, ಡಾಕ್ಟರ ಅಕ್ಷರ ತಿಳಿಯದಿದ್ದರೆ ನನ್ನ ನೆನಪಾಗುತ್ತದೆ. ಇವತ್ತು ಹಯಾತ್ ಬಂದಳು, ಹತ್ತು ದಿನಗಳ ಮೇಲೆ. ಪೊಟ್ಯಾಶಿಯಂ ಡ್ರಿಪ್, ತೂಕದ ಲೆಕ್ಕ. ಪಕ್ಕದಲ್ಲೇ ಇಬ್ಬರು ಕೈಕಟ್ಟಿ ನಿಂತಿದ್ದರು, ಅವರನ್ನು ಬಿಟ್ಟು ನನ್ನ ಹತ್ತಿರ!

"ಅವರೆಲ್ಲ ಸತ್ತಿದ್ದಾರಾ?" ಎಂದೆ.

"ಇದು ಹುಡುಗಾಟದ್ದಲ್ಲ ಕಣೇ. ನೀನೇ ನೋಡು. ನಿಧಾನವಾಗಿ ನೋಡು, ಕಾಯ್ತೀನಿ."

ಕಾದಳು. ಬಾಂಗು ಆಯಿತು, ಆದರೂ ಕುಣಿಯದೆ ನಿಂತಿದ್ದಳು. ಲೆಕ್ಕ ಎರಡು ಸಲ ಮಾಡಿದೆ. ಊಟಕ್ಕೆ ಹೋಗುವಷ್ಟರಲ್ಲಿ ಬ್ರಿಕ್ ಎಲ್ಲ ಖಾಲಿ, ತಳದ ಸೂಪು ಮಾತ್ರ. ಹಯಾತ್ ತನ್ನ ಬ್ರಿಕ್ ಮುರಿದು ಅರ್ಧ ಕೊಟ್ಟಳು. ತಪ್ಪು ಮಾಡಿದ ಭಾವ ಇರಬೇಕು.

ಕಷ್ಟದ್ದೆಲ್ಲ ನನಗೆ, ಸುಖದ್ದೆಲ್ಲ ಅವರಿಗೆ. ವರ್ಗಾವಣೆಯ ಅರ್ಜಿ ಬರೆಯಬೇಕು, ಆಗುತ್ತಿಲ್ಲ. ಮನೆಗೆ ಬಂದರೆ ಕೈ ಎತ್ತಲೂ ತ್ರಾಣ ಇರುವುದಿಲ್ಲ.

ರಂಜಾನ್ ೨೭, ಮಂಗಳವಾರ

ಬೇಯಾಳ ಅಪ್ಪ ಹಾಜಿ ಮುಖ್ತಾರ್ ಅವರನ್ನು ನಮ್ಮ ವಾರ್ಡಿಗೇ ಸೇರಿಸಿದ್ದಾರೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಅದು ಮೇಲಕ್ಕೆ ಹೋದರೆ ಜೀವಕ್ಕೇ ಅಪಾಯ. ರಕ್ತ ತೆಳುವಾಗಿಸುವ ಹೆಪಾರಿನ್ ಪಂಪಿನಲ್ಲಿ ಹೋಗುತ್ತಿದೆ. ಸ್ವಲ್ಪ ಕಡಿಮೆಯಾದರೆ ಗಟ್ಟಿಯಾಗುತ್ತದೆ, ಸ್ವಲ್ಪ ಹೆಚ್ಚಾದರೆ ಒಳಗೇ ಸೋರುತ್ತದೆ. ಬೇಯಾ ತನ್ನ ಡ್ಯೂಟಿ ಮುಗಿದ ಮೇಲೂ ಹಾಸಿಗೆಯ ಪಕ್ಕದ ಕುರ್ಚಿಯಲ್ಲೇ ಇರುತ್ತಾಳೆ. ನಮ್ಮಲ್ಲಿ ಯಾರು ಪಂಪು ಮುಟ್ಟಿದರೂ ಎದ್ದು ಬಂದು ಭುಜದ ಮೇಲಿಂದ ನೋಡುತ್ತಾಳೆ. ಪಾಪ, ಬೇಯಾಳ ಕಣ್ಣ ಕೆಳಗೆ ಕಪ್ಪು ಇಳಿದಿದೆ. ಎಷ್ಟಾದರೂ ಅಪ್ಪ.

ಪಾಪ ಎಂದೆನಲ್ಲ, ಅದನ್ನು ವಾಪಸು ತೆಗೆದುಕೊಳ್ಳುತ್ತೇನೆ! ಸಂಜೆ ಹಬ್ಬದ ಡ್ಯೂಟಿ ಪಟ್ಟಿ ಹಾಕಿದಳು. ಹಬ್ಬದ ದಿನ ಬೆಳಗಿನಿಂದ ಸಂಜೆಯವರೆಗೆ: ಸಲ್ವಾ. ಹೋದ ವರ್ಷವೂ ನನಗೇ ಬಂದಿತ್ತು. ಹಯಾತ್ ತಾನೇ ಬರುತ್ತೇನೆ, ಅತ್ತೆ ಮನೆಯಿಂದ ತಪ್ಪಿಸಿಕೊಳ್ಳಲು ಅದೊಂದು ನೆಪ ಎಂದು ಕೇಳಿದ್ದಳಂತೆ. ಬೇಯಾ ಬೇಡ ಎಂದಳಂತೆ.

ನೇರ ಹೋಗಿ ಕೇಳಿದೆ: "ನನ್ನ ಮೇಲೆ ನಿಂಗೇನು ಹಗೆ? ಬರ್ತೀನಿ ಅನ್ನೋಳು ಇದ್ದಾಳಲ್ಲ."

"ನೀನಿರು" ಅಂದಳು.

"ಯಾಕೆ?"

"ಸಲ್ವಾ, ದಯವಿಟ್ಟು. ನೀನಿರು."

ದಯವಿಟ್ಟು ಅಂತೆ. ಆ ದಿನ ಅವಳ ತಪ್ಪು ಹಿಡಿದೆನಲ್ಲ, ಅದರ ಸೇಡು ಇದು. ನೌಫಲ್ ಹತ್ತಿರ ಹೇಳಿದರೆ, "ಸೇಡು ತೀರಿಸೋರು ದಯವಿಟ್ಟು ಅಂತಾರಾ?" ಎಂದ. ಇವನೂ ಅವಳ ಕಡೆಯೇ.

ಹಬ್ಬದ ದಿನ, ಶುಕ್ರವಾರ

ಊರೆಲ್ಲ ಹೊಸ ಬಟ್ಟೆ, ಬಕ್ಲಾವಾ ಮಿಠಾಯಿ ತಟ್ಟೆ. ನನಗೆ ಬಿಳಿ ಕೋಟು. ಬೆಳಿಗ್ಗೆ ಬಸ್ಸಿನಲ್ಲಿ ನಾನು, ಡ್ರೈವರ್ ಇಬ್ಬರೇ.

ನಾನು ಹೋಗುವಾಗ ಬೇಯಾ ಅಪ್ಪನ ಪಕ್ಕದಲ್ಲೇ ಇದ್ದಳು. ನನ್ನನ್ನು ನೋಡಿದವಳೇ ಎದ್ದು ಚೀಲ ತೆಗೆದುಕೊಂಡಳು. ಪಂಪಿನ ಅಳತೆ, ರಾತ್ರಿಯ ಲೆಕ್ಕ ಎಲ್ಲ ಒಪ್ಪಿಸಿದಳು. ನಾನು ಪಂಪು ನೋಡಿದೆ, ಶೀಶೆ ಓದಿದೆ, ಲೆಕ್ಕ ಮಾಡಿದೆ. ಭುಜದ ಮೇಲಿಂದ ನೋಡುತ್ತಾಳೇನೋ ಎಂದು ತಿರುಗಿದರೆ ಅವಳು ಆಗಲೇ ಬಾಗಿಲ ಹತ್ತಿರ ಇದ್ದಳು. ಈದ್ ಮುಬಾರಕ್ ಎಂದೂ ಹೇಳದೆ ಹೋದಳು.

ಹಾಜಿ ಮುಖ್ತಾರ್‌ಗೆ ಕಿವಿ ಅಷ್ಟಕ್ಕಷ್ಟೆ. ಇಡೀ ವಾರ್ಡಿಗೆ ಕೇಳುವ ಹಾಗೆ ಮಾತಾಡುತ್ತಾರೆ. "ನಿಮ್ಮ ಹೆಸರೇನು?" ಎಂದು ಕೇಳಿದ ಕೂಡಲೇ ನಕ್ಕರು.

"ಓಹೋ, ನೀನೇನಾ ತಾಯಿ ಆ ಹಟಮಾರಿ?"

"ಯಾವ ಹಟಮಾರಿ?"

"ನನ್ನ ಮಗಳು ಹೇಳಿದ್ಲು. ಹಬ್ಬದ ದಿನ ಒಬ್ಬಳು ಹಟಮಾರಿ ಬರ್ತಾಳೆ, ಸೂಜಿ ಮುಟ್ಟೋಕೆ ಮುಂಚೆ ನಿನ್ನ ಹೆಸರು ಕೇಳ್ತಾಳೆ, ನಿನ್ನಪ್ಪನ ಹೆಸರು ಕೇಳ್ತಾಳೆ, ತಲೆ ತಿಂತಾಳೆ, ಬೈಬೇಡ ಅಂತ."

ಅಪ್ಪನ ಹತ್ತಿರವೂ ನನ್ನ ಚಾಡಿ! "ನಿಮ್ಮಪ್ಪನ ಹೆಸರೇನು?" ಎಂದು ಇನ್ನೂ ಜೋರಾಗಿ ಕೇಳಿದೆ. ಹೇಳಿದರು. ಪಕ್ಕದ ಹಾಸಿಗೆಯವನು ತನ್ನಪ್ಪನ ಹೆಸರನ್ನೂ ಕೇಳದೆಯೇ ಹೇಳಿದ.

ಮಧ್ಯಾಹ್ನ ರಕ್ತದ ಫಲಿತಾಂಶ ಬಂತು. ಡಾಕ್ಟರು ಪಂಪಿನ ಅಳತೆ ಇಳಿಸಲು ಬರೆದರು. ಅವರು ಬರೆದ ಅಂಕಿ ನನಗೆ ಸರಿ ಕಾಣಲಿಲ್ಲ. ಮತ್ತೆ ಲೆಕ್ಕ ಮಾಡಿದೆ, ಮತ್ತೆ ಬೇರೆ ಬಂತು. ಹಬ್ಬದ ಊಟದಿಂದ ಎಬ್ಬಿಸಿ ಕೇಳಿದೆ. ಡಾಕ್ಟರು ಮೊದಲು ರೇಗಿ, ಆಮೇಲೆ ತಾವೇ ಲೆಕ್ಕ ಹಾಕಿ ತಿದ್ದಿದರು. ಪಕ್ಕದ ವಾರ್ಡಿನವಳನ್ನು ಕರೆದು ತೋರಿಸಿದೆ. ದೂರದಿಂದಲೇ ಸರಿ ಎಂದಳು. ಹತ್ತಿರ ಬಾ, ಶೀಶೆ ಕೈಗೆ ತಗೋ, ಓದು ಎಂದೆ. ಗೊಣಗುತ್ತಾ ಓದಿದಳು. ಅಳತೆ ಇಳಿಸಿದೆ.

ಮನೆಯವರಿಗೆ ತಿಳಿಸಬೇಕಲ್ಲ ಎಂದು ಬೇಯಾಳ ನಂಬರಿಗೆ ಫೋನ್ ಮಾಡಿದೆ. ಅವಳ ತಂಗಿ ಎತ್ತಿದಳು. ಹಿಂದೆ ಮಕ್ಕಳ ಗಲಾಟೆ, ಪಾತ್ರೆಗಳ ಸದ್ದು.

"ಅಕ್ಕ ಮಲಗಿದ್ದಾಳೆ. ಆಸ್ಪತ್ರೆಯಿಂದ ಬಂದೋಳು ಹಾಗೇ ಬಿದ್ದುಕೊಂಡ್ಲು, ಊಟಕ್ಕೂ ಏಳ್ಲಿಲ್ಲ. ಇಷ್ಟು ದಿನದಲ್ಲಿ ಇವತ್ತೇ ಅವಳು ಕಣ್ಣು ಮುಚ್ಚಿರೋದು. ಅಪ್ಪ ಒಬ್ಬರೇ ಇದ್ದಾರಲ್ಲ ಅಂದ್ರೆ, ಸಲ್ವಾ ಇದ್ದಾಳೆ, ಎಬ್ಬಿಸಬೇಡ ಅಂದ್ಲು. ಯಾರು ಮಾತಾಡೋದು?"

"ನಾನು ಸಲ್ವಾ."

"ಓ" ಎಂದಳು ಅವಳು. "ಎಬ್ಬಿಸ್ಲಾ?"

"ಬೇಡ, ಮಲಗ್ಲಿ" ಎಂದೆ. ಫೋನ್ ಇಟ್ಟೆ. ಆಮೇಲೆ ಹೋಗಿ ಪಂಪು ಇನ್ನೊಮ್ಮೆ ನೋಡಿದೆ.

ಸಂಜೆ ಬೇಯಾ ಬಂದಳು, ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಇತ್ತು. ಒಂದು ಡಬ್ಬಿ ಬಕ್ಲಾವಾ ಮೇಜಿನ ಮೇಲಿಟ್ಟಳು. ನಾನೂ ಎಲ್ಲ ಒಪ್ಪಿಸಿ, ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟೆ.

ಕಾಲು ಬಿಸಿನೀರಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನೌಫಲ್ ಬಕ್ಲಾವಾ ಅರ್ಧ ಮುಗಿಸಿದ್ದಾನೆ. ಆ ಹೆಂಗಸಿನ ಎದೆ ಎಂಥದ್ದೋ ನನಗಂತೂ ಅರ್ಥವಾಗುವುದಿಲ್ಲ. ಹೆತ್ತ ಅಪ್ಪ ಆ ಸ್ಥಿತಿಯಲ್ಲಿ ಮಲಗಿರುವಾಗ ಹಗಲು ಪೂರ್ತಿ ಅದು ಹೇಗೆ ನಿದ್ದೆ ಬರುತ್ತದೆ? ನನಗಾಗಿದ್ದರೆ ಬರುತ್ತಿರಲಿಲ್ಲ.